ಉಡುಪಿಯಲ್ಲಿ ಒಂದು ದಿನ: ಪೇಟೆ ಸುತ್ತಾಟ, ಕಡಲಂಚಿನ ಸೈಕಲ್ ಸವಾರಿ – ಹೋಗಿ ಬಂದವರು ಹೇಳಿ

ಪ್ರಶ್ನೆ (ಬಸವನಗುಡಿ): ಡಿಸೆಂಬರ್ ರಜೆಯಲ್ಲಿ ನಾನೂ ಮನೆಯವರೂ ಉಡುಪಿಗೆ ಹೊರಟಿದ್ದೇವೆ. ಒಂದು ಇಡೀ ದಿನ ಕೈಯಲ್ಲಿದೆ. ಪೇಟೆ ಸುತ್ತಬೇಕು, ಕಡಲ ಪಕ್ಕದಲ್ಲಿ ಸೈಕಲ್ ತುಳಿಯಬೇಕು, ಅವಸರ ಬೇಡ. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ತುಳಿಯುವಷ್ಟೇ ಅಭ್ಯಾಸ. ಯಾವ ದಾರಿ, ಯಾವ ಹೊತ್ತು?

ಮಲ್ಲೇಶ್ವರದಿಂದ: ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಮಟ್ಟುವಿನವರೆಗೆ ತುಳಿಯಿರಿ. ಎಡಗಡೆ ಉದ್ಯಾವರ ಹೊಳೆ, ಬಲಗಡೆ ಸಮುದ್ರ, ನಡುವೆ ತೆಂಗಿನ ತೋಟಗಳ ಸಣ್ಣ ಪಟ್ಟಿ. ಏರು ಎಂಬುದೇ ಇಲ್ಲ. ಹೆದ್ದಾರಿಯ ಲಾರಿಗಳ ಕಾಟವೂ ಇಲ್ಲ. ಕೆಲವು ಕಡೆ ಕೊರೆತ ತಡೆಯಲು ಹಾಕಿದ ಬಂಡೆಗಳ ಸಾಲು ರಸ್ತೆಯ ಪಕ್ಕದಲ್ಲೇ ಸಾಗುತ್ತದೆ. ಮನೆಗಳ ಮುಂದೆ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೊಲಿಯುತ್ತಿರುತ್ತಾರೆ. ಬಲೆಯ ಮೇಲೆ ಚಕ್ರ ಹಾಯಿಸದೆ ಇಳಿದು ತಳ್ಳಿಕೊಂಡು ಹೋಗಿ. ರಸ್ತೆಯ ಮೇಲೆ ಮರಳು ಬಂದು ಕೂತಿರುವಲ್ಲಿ ಮುಂದಿನ ಬ್ರೇಕ್ ಒತ್ತಬೇಡಿ.

ನನ್ನ ಒಂದೇ ಒತ್ತಾಯ: ಸೈಕಲ್ ಮೊದಲು, ಪೇಟೆ ಆಮೇಲೆ. ಬೆಳಗಿನ ಏಳರ ಗಾಳಿಗೂ ಮಧ್ಯಾಹ್ನದ ಗಾಳಿಗೂ ಅಜಗಜಾಂತರ. ಹೊತ್ತೇರಿದಂತೆ ಕಡಲಿನ ಕಡೆಯಿಂದ ಗಾಳಿ ಏಳುತ್ತದೆ, ಉತ್ತರಕ್ಕೆ ಮಲ್ಪೆಯತ್ತ ಮರಳುವಾಗ ಎದುರಾಗಿ ಬಡಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಊರಿನ ಒಣ ಹವೆಗೆ ಒಗ್ಗಿದ ನಮಗೆ ಕರಾವಳಿಯ ಸೆಕೆ ಬೇಗ ಸುಸ್ತು ಮಾಡುತ್ತದೆ. ಒಂಬತ್ತರೊಳಗೆ ಮಟ್ಟು ಮುಟ್ಟಿ, ಎಳನೀರು ಕುಡಿದು, ನಿಧಾನವಾಗಿ ಹಿಂದಿರುಗಿ.

ವಿಜಯನಗರದಿಂದ: ಬೆಳಗ್ಗೆಯೇ ಹೋಗಬೇಕು ಎಂಬುದನ್ನು ಪೂರ್ತಿ ಒಪ್ಪಲಾರೆ. ಸಂಜೆ ಐದರ ನಂತರ ಪಡುಕೆರೆಯಲ್ಲಿ ಸ್ವಲ್ಪ ದೂರವಷ್ಟೇ ತುಳಿದು, ಸೂರ್ಯ ಮುಳುಗುವುದನ್ನು ನೋಡಿ ಬರುವುದೂ ಚೆಂದವೇ. ದೀಪ ಮಾತ್ರ ಕಡ್ಡಾಯ.

ಯಲಹಂಕದಿಂದ (ನನ್ನ ಊರು ಕಟಪಾಡಿ): ಮೀನು ತಿನ್ನದವರೂ ಮಲ್ಪೆ ಬಂದರನ್ನು ಬೆಳಗ್ಗೆ ಒಮ್ಮೆ ನೋಡಬೇಕು. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಮಂಜುಗಡ್ಡೆಯ ಸದ್ದು, ಏಲಂ ಕೂಗು. ದಾರಿಗೆ ಅಡ್ಡ ನಿಲ್ಲಬೇಡಿ, ಅದು ಅವರ ದುಡಿಮೆಯ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಡಿಸೆಂಬರಿನಲ್ಲಿ ಬಂದರು ತುಂಬಿರುತ್ತದೆ.

ಮಟ್ಟುವಿಗೆ ಹೋದ ಮೇಲೆ ಗುಳ್ಳ ತರದೆ ಬರಬೇಡಿ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬದನೆ ಅದು. ತಿಳಿಹಸಿರು, ದುಂಡಗೆ, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು. ಬೆಂಗಳೂರಿನಲ್ಲಿ ಹಸಿರು ಬದನೆಗೆಲ್ಲ ಇದೇ ಹೆಸರು ಹೇಳಿ ಮಾರುವುದುಂಟು. ಬೆಳೆಗಾರರ ಸಂಘದ ಚೀಟಿ ಅಂಟಿಸಿದ್ದನ್ನೇ ಕೊಳ್ಳಿ, ಹುಳಿ ಮಾಡಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಸಂಜೆಗೆ ರಥಬೀದಿ. ಅಷ್ಟಮಠಗಳ ಸುತ್ತಲ ಅಂಗಡಿಗಳಲ್ಲಿ ಪೂಜೆಯ ಸಾಮಾನು, ಹಿತ್ತಾಳೆ ಪಾತ್ರೆ, ಹಪ್ಪಳ ಎಲ್ಲವೂ ಸಿಗುತ್ತವೆ. ಹೂವಿನವರ ಹತ್ತಿರ ಶಂಕರಪುರ ಮಲ್ಲಿಗೆ ಕೇಳಿ. ಅದನ್ನು ನಮ್ಮ ಗಾಂಧಿಬಜಾರಿನಂತೆ ಮೊಳದ ಲೆಕ್ಕದಲ್ಲಿ ಕೊಡುವುದಿಲ್ಲ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ 800 ಮೊಗ್ಗು ಒಂದು ಚೆಂಡು, ನಾಲ್ಕು ಚೆಂಡು ಒಂದು ಅಟ್ಟೆ. ದರ ದಿನಕ್ಕೊಂದು, ಮದುವೆಯ ಕಾಲದಲ್ಲಿ ಗಗನಕ್ಕೇರುತ್ತದೆ. ಮನೆಯವರಿಗೆ ಒಂದು ಚೆಂಡು ಸಾಕು.

ಜೆ.ಪಿ. ನಗರದಿಂದ: ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ನಸುಕಿನಲ್ಲಿ ಉಡುಪಿ ಮುಟ್ಟಿಸುತ್ತದೆ. ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ, ಪೇಟೆಗೆ ಆಟೋ ಬೇಕು. ಸ್ವಂತ ಸೈಕಲ್ ಒಯ್ಯುವುದಾದರೆ ಲಗೇಜಿಗೆ ಮೊದಲೇ ಹಾಕಿಸಿ, ಪೆಡಲ್ ಬಿಚ್ಚಿ, ಗೇರಿನ ಕಡೆಗೆ ಗೋಣಿ ಸುತ್ತಿ. ಇಲ್ಲವೇ ಉಳಿದುಕೊಳ್ಳುವ ಕಡೆ ಸೈಕಲ್ ಕೊಡುತ್ತಾರೆಯೇ ಎಂದು ಕೋಣೆ ಕಾದಿರಿಸುವಾಗಲೇ ಕೇಳಿ. ಸವಾರಿ ಮುಗಿದ ದಿನವೇ ಸಿಹಿನೀರಿನಲ್ಲಿ ಚೈನು ತೊಳೆದು, ಒರೆಸಿ, ಎಣ್ಣೆ ಬಿಡಿ. ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ.