ಹೊಳೆ ನುಂಗಿದ ಹನ್ನೆರಡು ಗುಂಟೆ

ಈ ಸಲದ ಮುಂಗಾರು ನಮ್ಮೂರಿನಲ್ಲಿ ಒಂದೇ ವಾರದೊಳಗೆ ಎರಡು ಬಗೆಯ ಸಂತ್ರಸ್ತರನ್ನು ಹುಟ್ಟಿಸಿತು. ಮೃಗಶಿರಾ, ಆರಿದ್ರಾ ಎರಡೂ ಕೈಕೊಟ್ಟಿದ್ದರಿಂದ ಬಿತ್ತಲೆಂದು ಸುಲಿದಿಟ್ಟಿದ್ದ ಶೇಂಗಾದಲ್ಲಿ ಒಂದು ಸೇರನ್ನು ಹುರಿದು ತಿಂದು ಕುಳಿತವನು ನಾನು. ಘಟ್ಟದ ಮೇಲೆ ಎಲ್ಲೋ ಸುರಿದ ಮಳೆಗೆ ಹೊಳೆ ಉಕ್ಕಿ, ದಂಡೆಯ ಹೊಲದಲ್ಲಿ ಹನ್ನೆರಡು ಗುಂಟೆ ಕಳೆದುಕೊಂಡವರು ಗೌಡರು. ನೀರಿಲ್ಲದೆ ಕೆಟ್ಟವನೂ ನೀರಿನಿಂದ ಕೆಟ್ಟವರೂ ಒಟ್ಟಾಗಿ ವಕೀಲರ ಜಗುಲಿ ಹತ್ತಿದೆವು. ನಿವೃತ್ತ ಗಣಿತದ ಮೇಷ್ಟ್ರು ಅಲ್ಲಿ ಮೊದಲೇ ಆಸೀನರಾಗಿದ್ದರು. ಅಂಕಿಗಳಿರುವ ಸಂಕಟ ಎಲ್ಲಿದ್ದರೂ ಅವರಿಗೆ ವಾಸನೆ ಬಡಿಯುತ್ತದೆ.

"ಬಿತ್ತದೇ ಬಿಟ್ಟ ಹೊಲಕ್ಕೂ ವಿಮೆ ಬರುತ್ತದೆಯಂತೆ, ಹೌದೇ?" ಎಂದು ನಾನೇ ಮಾತು ತೆಗೆದೆ.

"ಬರುತ್ತದೆ," ಎಂದರು ವಕೀಲರು. "2016ರಲ್ಲಿ ಜಾರಿಗೆ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಅದಕ್ಕೆ ಬಿತ್ತನೆ ವಿಫಲವೆಂದು ಹೆಸರು. ಹವಾಮಾನದ ವೈಪರೀತ್ಯದಿಂದ ಬಿತ್ತಲಾಗದಿದ್ದರೆ ವಿಮಾ ಮೊತ್ತದ ಶೇ. 25ರಷ್ಟನ್ನು ಕೊಟ್ಟು, ಆ ಹಂಗಾಮಿನ ವಿಮೆಯನ್ನು ಅಲ್ಲಿಗೇ ಮುಗಿಸುತ್ತಾರೆ. ಆಮೇಲೆ ಮಳೆ ಬಂತೆಂದು ನೀವು ಬೇರೇನಾದರೂ ಬಿತ್ತಿದರೆ ಈ ವಿಮೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ."

ಮುಂಗಾರು ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ. 2 ಮಾತ್ರ. ಎರಡು ಕೊಟ್ಟು ಇಪ್ಪತ್ತೈದು ಪಡೆಯುವ ಬೇಸಾಯವನ್ನು ತಾವು ಜೀವಮಾನದಲ್ಲಿ ಕಂಡಿಲ್ಲವೆಂದೂ, ಉಳುವುದು, ಕಳೆ ತೆಗೆಯುವುದು ಯಾವುದೂ ಇಲ್ಲದ ಈ ಪದ್ಧತಿಯನ್ನೇ ಕೃಷಿ ವಿಶ್ವವಿದ್ಯಾಲಯಗಳು ಕಲಿಸಬೇಕೆಂದೂ ಮೇಷ್ಟ್ರು ಅಭಿಪ್ರಾಯಪಟ್ಟರು.

"ಆತುರ ಬೇಡ ಮೇಷ್ಟ್ರೇ. ಇವರೊಬ್ಬರ ಹೊಲ ಬೀಳು ಬಿದ್ದರೆ ಸಾಲದು. ಇಡೀ ವಿಮಾ ಘಟಕದಲ್ಲಿ, ಎಂದರೆ ನಮ್ಮ ಪಂಚಾಯಿತಿಯಲ್ಲಿ, ಆ ಬೆಳೆಯ ಶೇ. 75ಕ್ಕಿಂತ ಹೆಚ್ಚು ಪ್ರದೇಶ ಬಿತ್ತನೆಯಾಗದೆ ಉಳಿದಿರಬೇಕು."

ನನಗೆ ಆಗ ಈ ನಿಯಮದ ಒಳಗುಟ್ಟು ಹೊಳೆಯಿತು. ಒಬ್ಬನೇ ಬಿತ್ತದಿದ್ದರೆ ಅದು ಸೋಮಾರಿತನ. ಮುಕ್ಕಾಲು ಊರು ಬಿತ್ತದಿದ್ದರೆ ಅದು ಪ್ರಕೃತಿ ವಿಕೋಪ. ನನ್ನ ಮೂರು ಎಕರೆಯ ನಷ್ಟ ನನ್ನ ಹೊಲದಲ್ಲಿಲ್ಲ, ನೆರೆಯವರ ಹೊಲದಲ್ಲಿದೆ. ಹಾಗಾಗಿ ದೇವರ ಮೇಲೆ ಭಾರ ಹಾಕಿ ಒಣಮಣ್ಣಿಗೇ ಬೀಜ ಸುರಿದ ಆಶಾವಾದಿಗಳೆಲ್ಲ ಆ ಕ್ಷಣದಿಂದ ನನ್ನ ವೈರಿಗಳಾದರು.

"ನಮ್ಮ ಪಂಚಾಯಿತಿಯ ಲೆಕ್ಕ ಎಲ್ಲಿಗೆ ಬಂದಿದೆ?" ಎಂದು ಕೇಳಿದೆ.

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಬೆಳೆ ಸಮೀಕ್ಷೆಯ ಆ್ಯಪ್ ಹಿಡಿದು ಹೊಲಹೊಲ ಸುತ್ತುವ ಹುಡುಗ ಅವರ ಹಳೆಯ ಶಿಷ್ಯ. "ಶೇಂಗಾ ಪ್ರದೇಶ ಒಟ್ಟು 1,200 ಎಕರೆ. ಅದರ ಮುಕ್ಕಾಲು ಪಾಲು 900 ಎಕರೆ. ಬಿತ್ತದೇ ಉಳಿದಿರುವುದು 899 ಎಕರೆ 30 ಗುಂಟೆ."

ಹತ್ತು ಗುಂಟೆಗೆ ಇಡೀ ಪಂಚಾಯಿತಿ ಸೋತಿತ್ತು. ಯಾರಾದರೂ ಪುಣ್ಯಾತ್ಮರು ಬಿತ್ತಿದ್ದನ್ನು ರಾತ್ರೋರಾತ್ರಿ ಹೆಕ್ಕಿ ತೆಗೆಯಬಾರದೇ ಎಂದು ನಾನು ಹಲುಬಿದಾಗ, ಅದು ವಂಚನೆಯಾಗುತ್ತದೆಂದು ವಕೀಲರು ಗಂಭೀರವಾಗಿ ಎಚ್ಚರಿಸಿದರು. ಹೆಕ್ಕಲು ಕೂಲಿಯಾಳು ಎಲ್ಲಿ ಸಿಗುತ್ತಾರೆ ಎಂದು ಗೌಡರು ಅದಕ್ಕಿಂತಲೂ ಗಂಭೀರವಾಗಿ ಕೇಳಿದರು.

"ವಿಮೆ ಹೋದರೆ ಹೋಗಲಿ, ಸರ್ಕಾರದ ಬೆಳೆ ಪರಿಹಾರವಾದರೂ ಇದೆಯಲ್ಲ?" ಎಂದೆ.

"ವಿಪತ್ತು ಪರಿಹಾರ ನಿಧಿಯದು ಬೇರೆಯೇ ಧರ್ಮಶಾಸ್ತ್ರ," ಎಂದು ವಕೀಲರು ಕನ್ನಡಕ ಏರಿಸಿದರು. "ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾಗಿರಬೇಕು. 2015ಕ್ಕೆ ಮುಂಚೆ ಶೇ. 50 ಆಗಬೇಕಿತ್ತು, ಆದ್ದರಿಂದ ಈಗ ಕಡಿಮೆ ಹಾಳಾದರೂ ನಡೆಯುತ್ತದೆ. 2022-23ರಿಂದ 2025-26ರವರೆಗಿನ ದರಪಟ್ಟಿಯ ಪ್ರಕಾರ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎಲ್ಲವೂ ಎರಡು ಹೆಕ್ಟೇರಿನ ಮಿತಿಯಲ್ಲಿ."

"ಗುಂಟೆಗೆ 86 ರೂಪಾಯಿ," ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ.

"ಆದರೆ," ಎಂದರು ವಕೀಲರು. ಅವರ ಕಸುಬಿನವರು ಈ ಪದಕ್ಕೇ ಶುಲ್ಕ ಪಡೆಯುತ್ತಾರೆಂಬುದು ನನ್ನ ಬಹುಕಾಲದ ಗುಮಾನಿ. "ಈ ಪರಿಹಾರ ಬಿತ್ತನೆಯಾದ ಪ್ರದೇಶಕ್ಕೆ ಮಾತ್ರ ಸೀಮಿತ."

ನಾನು ಬಿತ್ತಿಲ್ಲ, ಆದ್ದರಿಂದ ನಾನು ಕಳೆದುಕೊಂಡಿಲ್ಲ. ಒಣಮಣ್ಣಿಗೆ ಬೀಜ ಸುರಿದು ನನ್ನ ವಿಮೆಗೆ ಕಲ್ಲು ಹಾಕಿದ ಅದೇ ಆಶಾವಾದಿಗಳು, ಮೊಳಕೆ ಕಮರಿದರೆ ಪರಿಹಾರಕ್ಕೆ ಅರ್ಹರು. ಒಂದು ಕಡತದ ದೃಷ್ಟಿಯಲ್ಲಿ ಬಿತ್ತದ ಹೊಲವೇ ನಷ್ಟ. ಇನ್ನೊಂದು ಕಡತದ ದೃಷ್ಟಿಯಲ್ಲಿ ಬಿತ್ತದ ಹೊಲ ಹೊಲವೇ ಅಲ್ಲ. ಎರಡೂ ಕಡತಗಳ ನಡುವೆ ನಾನು ಒಂದು ಸೇರು ಹುರಿದ ಶೇಂಗಾದೊಂದಿಗೆ ನಿಂತಿದ್ದೆ.

ಇಷ್ಟು ಹೊತ್ತು ಸುಮ್ಮನಿದ್ದ ಗೌಡರು ತಮ್ಮ ಹನ್ನೆರಡು ಗುಂಟೆಯ ಕಥೆ ಬಿಚ್ಚಿದರು. ಹೊಳೆ ಪಾತ್ರ ಬದಲಿಸಿ ದಂಡೆಯನ್ನೇ ಕೊರೆದುಕೊಂಡು ಹೋಗಿದೆ; ಬದುವಿನ ಬೇವಿನ ಮರ ಈಗ ಬೇರು ಮೇಲಾಗಿ ನಡುಹೊಳೆಯಲ್ಲಿದೆ, ಅದರ ಮೇಲೆ ಒಂದು ಕೊಕ್ಕರೆ ಖಾಯಂ ಬಿಡಾರ ಹೂಡಿದೆ. ಉಳಿದ ಹೊಲದ ಅಂಚಿಗೂ ಹೂಳು ಕೂತಿದೆ.

"ಹೂಳು ಮೂರು ಇಂಚಿಗಿಂತ ದಪ್ಪವಿದ್ದರೆ ತೆಗೆಸಲು ಹೆಕ್ಟೇರಿಗೆ 18,000 ಇದೆ," ಎಂದರು ವಕೀಲರು.

"ಮೊಮ್ಮಗಳ ಸ್ಕೇಲು ಚುಚ್ಚಿ ನೋಡಿದೆ. ಎರಡೂವರೆ ಇಂಚು ಇದೆ. ಮಣ್ಣು ತರುವಾಗ ಹೊಳೆ ಇಷ್ಟು ಜಿಪುಣತನ ಮಾಡಬಾರದಿತ್ತು."

"ಹೋಗಲಿ ಬಿಡಿ. ಜಮೀನೇ ಕೊಚ್ಚಿಹೋದರೆ ಹೆಕ್ಟೇರಿಗೆ 47,000."

"ಹನ್ನೆರಡು ಗುಂಟೆಗೆ ಸುಮಾರು 5,700," ಎಂದರು ಮೇಷ್ಟ್ರು.

"ಆದರೆ," ಎಂದರು ವಕೀಲರು. ನಾವು ಮೂವರೂ ಕಂಬಕ್ಕೆ ಒರಗಿಕೊಂಡೆವು. "ಅದು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ; ಎಂದರೆ ಎರಡು ಹೆಕ್ಟೇರಿನೊಳಗಿನವರಿಗೆ. ನಿಮ್ಮ ಹಿಡುವಳಿ ಎಷ್ಟು ಗೌಡರೇ?"

"ಪಹಣಿಯಲ್ಲಿ ಐದು ಎಕರೆ ಎಂಟು ಗುಂಟೆ."

ಎರಡು ಹೆಕ್ಟೇರೆಂದರೆ ನಾಲ್ಕು ಎಕರೆ ಮೂವತ್ತೇಳು ಗುಂಟೆಗೆ ಸ್ವಲ್ಪ ಮೇಲೆ ಎಂದು ಮೇಷ್ಟ್ರು ಕೂಡಲೇ ಘೋಷಿಸಿದರು. ಮರುಕ್ಷಣವೇ ಅವರ ಕಣ್ಣು ಅರಳಿದವು. "ಹನ್ನೆರಡು ಗುಂಟೆ ಹೋದ ಮೇಲೆ ಗೌಡರ ಬಳಿ ಉಳಿದಿರುವುದು ನಾಲ್ಕು ಎಕರೆ ಮೂವತ್ತಾರು ಗುಂಟೆ! ಜಮೀನು ಕೊಚ್ಚಿಹೋಗುವ ತನಕ ಇವರು ದೊಡ್ಡ ರೈತರು, ಕೊಚ್ಚಿಹೋದ ಕೂಡಲೇ ಸಣ್ಣ ರೈತರು. ಅರ್ಹತೆಯನ್ನು ಸ್ವತಃ ಹೊಳೆಯೇ ದಯಪಾಲಿಸಿದೆ."

"ಅದನ್ನು ಪಹಣಿ ಒಪ್ಪಬೇಕಲ್ಲ," ಎಂದರು ವಕೀಲರು. ಪಹಣಿಯಲ್ಲಿ ಆ ಹನ್ನೆರಡು ಗುಂಟೆ ಇನ್ನೂ ಗೌಡರದೇ. ಅದನ್ನು ಕಡಿಮೆ ಮಾಡಿಸಿಕೊಂಡರೆ ಅವರು ಸಣ್ಣ ರೈತರಾಗುತ್ತಾರೆ. ಆದರೆ ಕಂದಾಯ ದಾಖಲೆಯಲ್ಲಿ ಹೆಸರಿರುವ ಜಮೀನಿಗಷ್ಟೇ ಪರಿಹಾರ ಸಿಗುವುದರಿಂದ, ಕಡಿಮೆ ಮಾಡಿಸಿಕೊಂಡ ಮೇಲೆ ಕೇಳಲು ಜಮೀನೇ ಇರುವುದಿಲ್ಲ. ಕಡಿಮೆ ಮಾಡಿಸಿಕೊಳ್ಳದಿದ್ದರೆ ಜಮೀನಿರುತ್ತದೆ, ಕೇಳಲು ಅರ್ಹತೆ ಇರುವುದಿಲ್ಲ. ಈ ಸುಳಿ ಹೊಳೆಯ ಸುಳಿಗಿಂತ ಆಳವಾಗಿದೆಯೆಂದು ನನಗನ್ನಿಸಿತು.

ಭತ್ತದವರ ಪಾಡು ಕೇಳಿ ಸಮಾಧಾನಪಟ್ಟುಕೊಳ್ಳಿ ಎಂದರು ಮೇಷ್ಟ್ರು. ಭತ್ತ ಹೇಗೂ ನೀರಿನಲ್ಲೇ ನಿಲ್ಲುವ ಬೆಳೆಯೆಂದು, ಹೊಲ ಮುಳುಗಿದ ನಷ್ಟವನ್ನು ಫಸಲ್ ಬಿಮಾದ ಸ್ಥಳೀಯ ವಿಪತ್ತಿನ ಪಟ್ಟಿಯಿಂದ 2018ರಲ್ಲಿ ಭತ್ತದ ಮಟ್ಟಿಗೆ ತೆಗೆದುಹಾಕಿದ್ದರು. 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಪ್ರಕಟಿಸಿದರು. ಮೀನಿಗೂ ಭತ್ತಕ್ಕೂ ವ್ಯತ್ಯಾಸವಿದೆಯೆಂದು ಮನವರಿಕೆಯಾಗಲು ಅಷ್ಟು ವರ್ಷ ಹಿಡಿಯಿತು.

ಗೌಡರಿಗೆ ಭತ್ತವೂ ಬೇಕಿರಲಿಲ್ಲ, ಸಮಾಧಾನವೂ ಬೇಕಿರಲಿಲ್ಲ. ಅವರು ಬಹಳ ಹೊತ್ತು ಅಂಗಳ ನೋಡುತ್ತಿದ್ದು, ನಿಧಾನವಾಗಿ ಕೇಳಿದರು.

"ವಕೀಲರೇ, ಆ ಹನ್ನೆರಡು ಗುಂಟೆ ಪಹಣಿಯಲ್ಲಿ ಈಗಲೂ ನನ್ನ ಹೊಲವೇ ತಾನೇ?"

"ಸಂಶಯವೇ ಇಲ್ಲ."

"ಶೇಂಗಾಕ್ಕೆಂದು ಅದನ್ನೂ ಸೇರಿಸಿ ಕಂತು ಕಟ್ಟಿದ್ದೇನೆ. ಅದರಲ್ಲಿ ಈ ಸಲ ನಾನು ಬಿತ್ತಿಲ್ಲ. ಬಿತ್ತದಿರುವುದಕ್ಕೆ ಹವಾಮಾನವೇ ಕಾರಣ. ಹಾಗಿದ್ದರೆ ಅದನ್ನು ಮೇಷ್ಟ್ರ ಶಿಷ್ಯ ಬಿತ್ತದ ಹೊಲವೆಂದು ಬರೆದುಕೊಂಡಿದ್ದಾನೆಯೇ?"

ಮೇಷ್ಟ್ರು ಚೀಟಿಯನ್ನು ಹಿಂದುಮುಂದು ತಿರುಗಿಸಿದರು. ಬರೆದುಕೊಂಡಿರಲಿಲ್ಲ, ನೀರಿಗಿಳಿದು ಫೋಟೋ ತೆಗೆಯಲು ಹುಡುಗ ಹೆದರಿದ್ದನಂತೆ. ಅವರ ತುಟಿಗಳು ಸದ್ದಿಲ್ಲದೆ ಕೂಡತೊಡಗಿದವು: 899 ಎಕರೆ 30 ಗುಂಟೆಗೆ 12 ಸೇರಿದರೆ 900 ಎಕರೆ 2 ಗುಂಟೆ.

ವಕೀಲರು ಬಾಯಿ ತೆರೆದರು. ಅವರು ಹೇಳಹೊರಟ ಪದ ಯಾವುದೆಂದು ಮೂವರಿಗೂ ಗೊತ್ತಿದ್ದುದರಿಂದ, ಅದು ಹೊರಬೀಳುವ ಮೊದಲೇ ತೆಪ್ಪದವನಿಗೆ ಹೇಳಿಕಳುಹಿಸಲು ಗೌಡರು ಜಗುಲಿ ಇಳಿದಾಗಿತ್ತು.