ಮೂಳೆಗೆ ಹಾಕುವ ಸ್ಕ್ರೂ ಸುರಕ್ಷಿತವಾಗಬೇಕಾದರೆ ವಿನ್ಯಾಸದಲ್ಲಿ ಯಾವುದನ್ನು ಬದಲಿಸಬೇಕು?

ಪ್ರಶ್ನೆ: ಎಂ.ಟೆಕ್. ವಿದ್ಯಾರ್ಥಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮುರಿದ ಮೂಳೆಗೆ ಪ್ಲೇಟ್ ಬಿಗಿಯಲು ಬಳಸುವ 3.5 ಮಿ.ಮೀ. ಕಾರ್ಟಿಕಲ್ ಸ್ಕ್ರೂವಿನ (ಮೂಳೆಯ ಗಟ್ಟಿ ಹೊರಪದರವನ್ನು ಹಿಡಿಯುವ ಸ್ಕ್ರೂ) ವಿನ್ಯಾಸವನ್ನು ಸುಧಾರಿಸುವುದು ನನ್ನ ಪ್ರಾಜೆಕ್ಟಿನ ವಿಷಯ. ವಯಸ್ಸಾದವರ ಟೊಳ್ಳು ಮೂಳೆಯಲ್ಲಿ ಸ್ಕ್ರೂ ಸಡಿಲವಾಗುತ್ತದೆ ಎಂದು ಓದಿದ್ದರಿಂದ, ಹೊರವ್ಯಾಸವನ್ನು ಹಾಗೆಯೇ ಉಳಿಸಿಕೊಂಡು ಕೋರ್ ವ್ಯಾಸವನ್ನು (ಥ್ರೆಡ್ ಬಿಟ್ಟು ನಡುವಿನ ದಂಡದ ದಪ್ಪ) 2.4 ಮಿ.ಮೀ.ನಿಂದ 2.0 ಮಿ.ಮೀ.ಗೆ ಇಳಿಸಿ, ಥ್ರೆಡ್ಡಿನ ಆಳವನ್ನು ಹೆಚ್ಚಿಸಿದ್ದೇನೆ. ಮೂಳೆಯ ಬದಲಿಗೆ ಬಳಸುವ ಪಾಲಿಯುರೆಥೇನ್ ಫೋಮ್ ತುಂಡಿನಿಂದ ನೇರವಾಗಿ ಎಳೆದು ನೋಡಿದಾಗ ಹಿಡಿತ ಉತ್ತಮಗೊಂಡಿದೆ. ಆದರೆ ಇದರಿಂದ ರೋಗಿಗೆ ನಿಜವಾಗಿ ಹೆಚ್ಚಿನ ಸುರಕ್ಷತೆ ಸಿಗುತ್ತದೆಯೇ ಎಂದು ಮಾರ್ಗದರ್ಶಕರು ಕೇಳಿದ್ದಾರೆ. ಶಸ್ತ್ರಚಿಕಿತ್ಸೆ ಮಾಡುವವರು ಮತ್ತು ಸ್ಕ್ರೂ ತಯಾರಿಸುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮೂಳೆ ಶಸ್ತ್ರವೈದ್ಯೆ, ಮೈಸೂರು

ನಿಮ್ಮ ಮಾರ್ಗದರ್ಶಕರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ದೇಹದೊಳಗೆ ಸ್ಕ್ರೂವನ್ನು ಯಾರೂ ನೇರವಾಗಿ ಎಳೆಯುವುದಿಲ್ಲ. ರೋಗಿ ಹೆಜ್ಜೆ ಇಟ್ಟಾಗಲೆಲ್ಲ, ಕೈಯೂರಿ ಎದ್ದಾಗಲೆಲ್ಲ ಸ್ಕ್ರೂ ಪಕ್ಕಕ್ಕೆ ಅಲುಗಾಡಿ, ತನ್ನ ಸುತ್ತಲಿನ ಮೂಳೆಯನ್ನು ಸ್ವಲ್ಪಸ್ವಲ್ಪವಾಗಿ ಒತ್ತಿ ರಂಧ್ರವನ್ನು ಅಗಲಗೊಳಿಸುತ್ತದೆ. ಕಿತ್ತುಬರುವುದು ಆಮೇಲಿನ ಮಾತು. ಟೊಳ್ಳು ಮೂಳೆಯಲ್ಲಿ ಲಾಕಿಂಗ್ ಪ್ಲೇಟುಗಳು ಉಪಯೋಗಕ್ಕೆ ಬಂದದ್ದು ಈ ಕಾರಣದಿಂದಲೇ. ಅವುಗಳಲ್ಲಿ ಸ್ಕ್ರೂವಿನ ತಲೆಯೂ ಪ್ಲೇಟಿನ ಥ್ರೆಡ್ಡಿಗೆ ಕೂರುವುದರಿಂದ ಒಂದೊಂದು ಸ್ಕ್ರೂ ಬೇರೆಬೇರೆಯಾಗಿ ಅಲುಗಾಡದೆ, ಎಲ್ಲವೂ ಒಟ್ಟಾಗಿ ಭಾರವನ್ನು ಹೊರುತ್ತವೆ.

ಇನ್ನೊಂದು ವಿಷಯವನ್ನು ವಿನ್ಯಾಸಕಾರರು ಮರೆಯುತ್ತಾರೆ, ಅದು ಡ್ರಿಲ್ಲಿನ ಬಿಸಿ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ 1983ರಲ್ಲಿ ಮೊಲದ ಮೂಳೆಯ ಮೇಲೆ ನಡೆಸಿದ ಪ್ರಯೋಗದ ನಂತರ, 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಗುಲಿದರೆ ಮೂಳೆಗೆ ಹಾನಿಯಾಗುತ್ತದೆ ಎಂಬ ಮಿತಿಯನ್ನು ನಾವೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ಮೊಂಡಾದ ಡ್ರಿಲ್ ಬಿಟ್ಟಿನಿಂದ ಸುಟ್ಟ ಮೂಳೆಗೆ ಸ್ಕ್ರೂ ಹಾಕಿದ ದಿನ ಹಿಡಿತ ಗಟ್ಟಿಯಾಗಿಯೇ ಇರುತ್ತದೆ. ಸತ್ತ ಪದರವನ್ನು ದೇಹವು ಕರಗಿಸಿದ ಮೇಲೆ ಅದು ಸಡಿಲವಾಗುತ್ತದೆ. ಫೋಮ್ ಪರೀಕ್ಷೆಯಲ್ಲಿ ಇದು ಕಾಣಿಸುವುದೇ ಇಲ್ಲ. ಸ್ವತಃ ಥ್ರೆಡ್ ಕೊರೆದುಕೊಳ್ಳುವ ಸ್ಕ್ರೂ ಆಗಿದ್ದರೆ, ಅದರ ತುದಿಯಲ್ಲಿ ಕೊರೆದಿರುವ ತೋಡುಗಳಿಂದ ಮೂಳೆಯ ಪುಡಿ ಸರಾಗವಾಗಿ ಹೊರಬರುತ್ತದೆಯೇ ಎಂಬುದನ್ನೂ ನೋಡಿ.

ತುದಿಯ ಬಗ್ಗೆಯೂ ಯೋಚಿಸಬೇಕು. ಮಣಿಕಟ್ಟಿನ ಮುರಿತಕ್ಕೆ ಅಂಗೈ ಕಡೆಯಿಂದ ಪ್ಲೇಟ್ ಹಾಕಿದಾಗ ಸ್ಕ್ರೂವಿನ ಚೂಪು ತುದಿ ಹಿಂಬದಿಯಲ್ಲಿ ಒಂದೆರಡು ಮಿ.ಮೀ. ಹೊರಚಾಚಿದರೂ ಸಾಕು, ಹೆಬ್ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜು ಅದರ ಮೇಲೆ ಉಜ್ಜಿ ಉಜ್ಜಿ ಹರಿದುಹೋಗಬಹುದು. ಆ ಜಾಗದಲ್ಲಿ ಲಾಕಿಂಗ್ ಸ್ಕ್ರೂವನ್ನು ಹಿಂಬದಿಯ ಪದರದವರೆಗೆ ಕೊಂಡೊಯ್ಯದೆ, ಅಳತೆಗಿಂತ ಸ್ವಲ್ಪ ಗಿಡ್ಡದ್ದನ್ನೇ ಹಾಕುವುದು ಕ್ಷೇಮ.

ಉತ್ತರ: ಇಂಪ್ಲಾಂಟ್ ತಯಾರಿಕೆಯಲ್ಲಿರುವ ಇಂಜಿನಿಯರ್, ಬೆಂಗಳೂರು

ಡಾಕ್ಟರ್ ಅವರ ಮಾತಿಗೆ ಲೆಕ್ಕವನ್ನು ಮಾತ್ರ ಸೇರಿಸುತ್ತೇನೆ. ತಿರುಚುವಿಕೆಯನ್ನು ತಡೆಯುವ ಶಕ್ತಿ ಕೋರ್ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 2.4ರಿಂದ 2.0ಕ್ಕೆ ಇಳಿಸಿದರೆ ಅದು ಸುಮಾರು ಶೇಕಡ 42ರಷ್ಟು ಕುಗ್ಗುತ್ತದೆ. ಬಾಗುವಿಕೆಯನ್ನು ತಡೆಯುವ ಬಿಗುವು ನಾಲ್ಕನೆಯ ಘಾತದ ಲೆಕ್ಕವಾದ್ದರಿಂದ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಎಂದರೆ ಗಟ್ಟಿ ಮೂಳೆಯಿರುವ ಯುವಕನಲ್ಲಿ ಕೊನೆಯ ಸುತ್ತು ಬಿಗಿಯುವಾಗಲೇ ನಿಮ್ಮ ಸ್ಕ್ರೂ ತುಂಡಾಗುವ ಅಪಾಯವಿದೆ. ಲಾಕಿಂಗ್ ಸ್ಕ್ರೂಗಳಲ್ಲಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದ್ದಾರೆ: ಹೊರವ್ಯಾಸ ಅದೇ 3.5 ಆದರೂ ಕೋರ್ 2.9 ಮಿ.ಮೀ.; ಥ್ರೆಡ್ ಆಳವಿಲ್ಲ, ಆದರೆ ಪಕ್ಕದ ಬಲವನ್ನು ಚೆನ್ನಾಗಿ ತಾಳುತ್ತದೆ.

ಕೋರ್ ಮುಟ್ಟದೆ ಥ್ರೆಡ್ಡಿನ ಬುಡವನ್ನು ಸುಧಾರಿಸಿ ಎಂಬುದು ನನ್ನ ಸಲಹೆ. ಮತ್ತೆ ಮತ್ತೆ ಬೀಳುವ ಭಾರಕ್ಕೆ ಲೋಹ ದಣಿದು ಬಿಡುವ ಬಿರುಕು ಹುಟ್ಟುವುದು ಅಲ್ಲಿಯೇ. ಅಲ್ಲಿ ಚೂಪು ಮೂಲೆಯ ಬದಲು ದುಂಡನೆಯ ತಿರುವು ಕೊಟ್ಟು, ಕಟಿಂಗ್ ಟೂಲಿನ ಗೆರೆಗಳು ಉಳಿಯದಂತೆ ಪಾಲಿಶ್ ಮಾಡಿದರೆ ಹಿಡಿತಕ್ಕೆ ಧಕ್ಕೆಯಾಗದೆ ಆಯುಷ್ಯ ಹೆಚ್ಚುತ್ತದೆ. ಲೋಹದ ಆಯ್ಕೆಯಲ್ಲಿ, ಇಂಪ್ಲಾಂಟಿಗೆ ಬಳಸುವ 316ಎಲ್ ಸ್ಟೇನ್‌ಲೆಸ್ ಸ್ಟೀಲಿನ ಸ್ಥಿತಿಸ್ಥಾಪಕ ಗುಣಾಂಕ (ಬಗ್ಗದೆ ನಿಲ್ಲುವ ಬಿಗುವಿನ ಅಳತೆ) ಸುಮಾರು 190 ಗಿಗಾಪಾಸ್ಕಲ್, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110. ಮೂಳೆಯದು ಇಪ್ಪತ್ತರ ಆಸುಪಾಸಿನಲ್ಲಿ ಇರುವುದರಿಂದ ಟೈಟಾನಿಯಂ ಅದಕ್ಕೆ ಹತ್ತಿರ. ಆದರೆ ಟೈಟಾನಿಯಂ ಲಾಕಿಂಗ್ ಸ್ಕ್ರೂವನ್ನು ಓರೆಯಾಗಿ ಕೂರಿಸಿದರೆ ಅಥವಾ ವಿಪರೀತ ಬಿಗಿದರೆ ಅದು ಪ್ಲೇಟಿಗೆ ಕಚ್ಚಿಕೊಂಡುಬಿಡುತ್ತದೆ. 3.5 ಮಿ.ಮೀ. ಲಾಕಿಂಗ್ ಸ್ಕ್ರೂಗೆ 1.5 ನ್ಯೂಟನ್-ಮೀಟರ್ ಮಿತಿಯ ಟಾರ್ಕ್ ಲಿಮಿಟರ್ (ಅದಕ್ಕಿಂತ ಹೆಚ್ಚು ಬಿಗಿಯದಂತೆ ತಡೆಯುವ ಸಾಧನ) ಇಟ್ಟಿರುವುದು ಇದಕ್ಕಾಗಿಯೇ.

ಉತ್ತರ: ಆಪರೇಷನ್ ಥಿಯೇಟರ್ ತಂತ್ರಜ್ಞ, ಹುಬ್ಬಳ್ಳಿ

ಸ್ಕ್ರೂ ತೆಗೆಯುವ ದಿನದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಎರಡು ಮಾತು. ಸ್ಕ್ರೂವಿನ ತಲೆಯಲ್ಲಿ ಡ್ರೈವರ್ ಕೂರುವ ಷಟ್ಕೋನದ ಗುಳಿಯಲ್ಲಿ ನಾರಿನಂಥ ಅಂಗಾಂಶ ತುಂಬಿಕೊಂಡಿರುತ್ತದೆ; ಅದನ್ನು ಸಣ್ಣ ಕೊಕ್ಕೆಯಿಂದ ಕೆದಕಿ ತೆಗೆಯದೆ ಡ್ರೈವರ್ ತಿರುಗಿಸಿದರೆ ಮೂಲೆಗಳು ಸವೆದು ಗುಳಿ ದುಂಡಾಗುತ್ತದೆ. ಆಮೇಲೆ ಎಡಕ್ಕೆ ತಿರುಗಿಸಿದಂತೆ ಕಚ್ಚಿಕೊಳ್ಳುವ ಎಕ್ಸ್‌ಟ್ರಾಕ್ಟರ್ ಹಾಕಬೇಕು, ಅದೂ ಆಗದಿದ್ದರೆ ತಲೆಯನ್ನೇ ಕೊರೆಯಬೇಕು. ಆಗ ಉದುರುವ ಲೋಹದ ಪುಡಿಯನ್ನು ಗಾಯದಿಂದ ಪೂರ್ತಿಯಾಗಿ ತೊಳೆದು ತೆಗೆಯುವುದು ಬಹಳ ಕಷ್ಟ. ನಕ್ಷತ್ರಾಕಾರದ ಗುಳಿ ಈ ವಿಷಯದಲ್ಲಿ ಎಷ್ಟೋ ಮೇಲು. ವಿನ್ಯಾಸದಲ್ಲಿ ಗುಳಿಗೆ ಸಾಕಷ್ಟು ಆಳ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಕೋರ್ 2.4 ಮಿ.ಮೀ.ಗೆ ಮರಳಿಸಿ, ಥ್ರೆಡ್ಡಿನ ಬುಡದ ತಿರುವು ಮತ್ತು ತಲೆಯ ಗುಳಿಯ ಮೇಲೆ ಕೆಲಸ ಮಾಡುತ್ತೇನೆ. ಪಕ್ಕದ ಬಲವನ್ನು ಮತ್ತೆ ಮತ್ತೆ ಹಾಕಿ ಪರೀಕ್ಷಿಸಲು ಈಗಿರುವ ಫೋಮ್ ತುಂಡೇ ಸಾಕಾಗುತ್ತದೆಯೇ?

ಉತ್ತರ: ಇಂಪ್ಲಾಂಟ್ ತಯಾರಿಕೆಯಲ್ಲಿರುವ ಇಂಜಿನಿಯರ್, ಬೆಂಗಳೂರು

ಒಂದೇ ಸಾಂದ್ರತೆಯ ತುಂಡು ಸಾಲದು. ಹಗುರ ಫೋಮಿನ ಎರಡೂ ಬದಿಗೆ ಗಟ್ಟಿ ಫೋಮಿನ ತೆಳು ಹಾಳೆಯನ್ನು ಅಂಟಿಸಿದರೆ ಟೊಳ್ಳು ಮೂಳೆಯ ಎರಡು ಹೊರಪದರಗಳಿಗೆ ಹತ್ತಿರವಾಗುತ್ತದೆ. ಮೊದಲು ಪಕ್ಕದ ಬಲವನ್ನು ಮತ್ತೆ ಮತ್ತೆ ಹಾಕುವ ಸುತ್ತುಗಳನ್ನು ಮುಗಿಸಿ, ಅದೇ ಸ್ಕ್ರೂವನ್ನು ಅನಂತರ ಎಳೆದು ನೋಡಿ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ 3.5 ಮಿ.ಮೀ. ಸ್ಕ್ರೂವನ್ನೂ ಹಾಗೆಯೇ ಪರೀಕ್ಷಿಸಿ, ಎರಡರ ಅಂಕಿಗಳನ್ನು ಇಲ್ಲಿ ಹಾಕಿ.