ಅಳಿಯನ ಡಾಂಕಿ ಕಾಂಗ್ ನನ್ನನ್ನು ಹೊತ್ತುಕೊಂಡು ಹಾರುತ್ತಾನೆ, ಏನು ಮಾಡಲಿ?

ಡೊಂಬಿವಲಿ_ಮಾಮ:

ಎಲ್ಲರಿಗೂ ನಮಸ್ಕಾರ. ವಯಸ್ಸು 43, ಊರು ಕಾರ್ಕಳದ ಹತ್ತಿರ, ಇರುವುದು ಡೊಂಬಿವಲಿ ಪೂರ್ವ. ಪ್ರಶ್ನೆ ಸ್ವಲ್ಪ ನಾಚಿಕೆಯದ್ದು.

ಚೌತಿಗೆ ಪುಣೆಯಿಂದ ಅಕ್ಕ ಬಂದಿದ್ದಳು. ಜೊತೆಗೆ ಅವಳ ಇಬ್ಬರು ಮಕ್ಕಳು, ನನ್ನ ಅಳಿಯಂದಿರು, ಮತ್ತೆ ಭಾವ ದುಬೈಯಿಂದ ತಂದ ನಿಂಟೆಂಡೊ ಸ್ವಿಚ್ ಅನ್ನುವ ವಿಡಿಯೊ ಗೇಮ್ ಪೆಟ್ಟಿಗೆ. ಟಿವಿಗೆ ಸಿಕ್ಕಿಸಿ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ ಹಾಕಿದರು. ಮಾರಿಯೊ, ಸೋನಿಕ್, ಪಿಕಾಚು, ಪ್ಯಾಕ್‌ಮ್ಯಾನ್, ಬೇರೆ ಬೇರೆ ಆಟದವರೆಲ್ಲ ಒಂದೇ ಅಂಗಳಕ್ಕೆ ಬಂದು ಹೊಡೆದಾಡುತ್ತಾರೆ. 80ಕ್ಕಿಂತ ಜಾಸ್ತಿ ಜನ. ಒಟ್ಟಿಗೆ 8 ಮಂದಿ ಆಡಬಹುದಂತೆ. ನಮ್ಮ ಹಾಲಿನಲ್ಲಿ 8 ಮಂದಿ ಕೂರುವುದೇ ಕಷ್ಟ, ಅದು ಬೇರೆ ಮಾತು.

ನಾನು ಏನೂ ಗೊತ್ತಿಲ್ಲದವನಲ್ಲ. ಸ್ಟೇಷನ್ ಹತ್ತಿರದ ವಿಡಿಯೊ ಗೇಮ್ ಅಂಗಡಿಯಲ್ಲಿ ಒಂದೊಂದೇ ರೂಪಾಯಿ ಹಾಕಿ ಸ್ಟ್ರೀಟ್ ಫೈಟರ್ 2 ಆಡಿ ಬೆಳೆದವನು. ಅದರಲ್ಲಿ ಲೆಕ್ಕ ಸುಲಭ. ಮೇಲೆ ಹಳದಿ ಪಟ್ಟಿ, ಹೊಡೆತ ಬಿದ್ದಷ್ಟು ಕರಗುತ್ತದೆ, ಮುಗಿದರೆ ನೀನು ಮುಗಿದೆ. ಇಲ್ಲಿ ಪಟ್ಟಿಯೇ ಇಲ್ಲ. ಕೆಳಗೆ ಪರ್ಸೆಂಟ್ ಅಂತ ಏರುತ್ತಾ ಹೋಗುತ್ತದೆ. ನನ್ನದು 100 ದಾಟಿದಾಗ ಡಿಸ್ಟಿಂಕ್ಷನ್ ಬಂದ ಹಾಗೆ ಖುಷಿಪಟ್ಟೆ. ದೊಡ್ಡ ಅಳಿಯ ಬಿದ್ದು ಬಿದ್ದು ನಕ್ಕ.

ನಾನು ಆರಿಸಿಕೊಂಡದ್ದು ಕರ್ಬಿ, ಆ ಗುಲಾಬಿ ಉಂಡೆ. ಕೆಳಗೆ ಒತ್ತಿ ಬಿ ಗುಂಡಿ ಹಾಕಿದರೆ ಕಲ್ಲಾಗಿ ಧೊಪ್ಪನೆ ಬೀಳುತ್ತದೆ. ಮೊದಲು ಎರಡು ಸಲ ಬಿತ್ತು, ಇಬ್ಬರು ಹಾರಿ ಹೋದರು. ಆಮೇಲೆ ಅದನ್ನೇ ಹಿಡಿದುಕೊಂಡೆ. ಒಮ್ಮೆ ಅಂಗಳದ ಅಂಚು ದಾಟಿದ್ದು ಗೊತ್ತಾಗದೆ ಕಲ್ಲಾದೆ. ನೆಟ್ಟಗೆ ಪಾತಾಳಕ್ಕೆ. ಇನ್ನೊಮ್ಮೆ ಕಲ್ಲಾಗಿ ಕೂತಿದ್ದಾಗ ಅಳಿಯನ ಡಾಂಕಿ ಕಾಂಗ್, ಆ ದೊಡ್ಡ ಗೊರಿಲ್ಲಾ, ಬಂದು, ಅಕ್ಕಿ ಮೂಟೆ ಎತ್ತಿದ ಹಾಗೆ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು, ನಡೆದುಕೊಂಡು ಹೋಗಿ, ಅಂಚಿನಿಂದ ಹಾರಿ ಹೊರಗೆ ಬಿಸಾಡಿದ. ಕಲ್ಲನ್ನು ಎತ್ತುವುದು ಯಾವ ನ್ಯಾಯ?

ಕೊನೆಗೆ ಬಂದವನು ಕೆಳಗಿಳಿದು ಎಲ್ಲರಿಗೂ ವಡಾಪಾವ್ ತರಬೇಕು ಅಂತ ಪಂದ್ಯ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಮೂರು ಸಲ ಇಳಿದು ಹತ್ತಿದೆ. ದೀಪಾವಳಿಗೆ ಮತ್ತೆ ಬರುತ್ತಾರೆ. ಗೆಲ್ಲಬೇಕು ಅಂತಿಲ್ಲ. ಕೊನೆಯವನಾಗದಿದ್ದರೆ ಸಾಕು.

ಕೋಥ್ರೂಡ್_ಗೌಡ:

ಮಾಮ, ನೀವು ಇದನ್ನು ಕುಸ್ತಿ ಅಂದುಕೊಂಡಿದ್ದೀರಿ. ಇದು ಲೋಕಲ್ ಟ್ರೇನು. ನಿಮಗೆ ಹೇಳಿಕೊಡಬೇಕಾ? ಎದುರಿನವನನ್ನು ಸಾಯಿಸುವುದಲ್ಲ, ಡಬ್ಬಿಯಿಂದ ಹೊರಗೆ ತಳ್ಳುವುದು. ಪರ್ಸೆಂಟ್ ಅಂದರೆ ನಿಮ್ಮ ಕಾಲು ಎಷ್ಟು ಸಡಿಲವಾಗಿದೆ ಅನ್ನುವ ಲೆಕ್ಕ. ಸೊನ್ನೆಯಲ್ಲಿದ್ದಾಗ ಜೋರಾಗಿ ಹೊಡೆದರೂ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತೀರಿ, ಅಷ್ಟೇ. 120ರಲ್ಲಿ ಅದೇ ಹೊಡೆತಕ್ಕೆ ಪರದೆ ಬಿಟ್ಟು ಹೋಗುತ್ತೀರಿ. ಮೇಲೆ, ಕೆಳಗೆ, ಎಡ, ಬಲ, ಯಾವ ಗಡಿ ದಾಟಿದರೂ ಒಂದು ಪ್ರಾಣ ಹೋಯಿತು. ತೂಕವೂ ಲೆಕ್ಕಕ್ಕೆ ಬರುತ್ತದೆ. ಕರ್ಬಿ ಹಗುರ, ಡಾಂಕಿ ಕಾಂಗ್ ಭಾರ. ಅವನು ತಡೆದುಕೊಳ್ಳುವ ಹೊಡೆತಕ್ಕೆ ನೀವು ಹೋಗಿಬಿಡುತ್ತೀರಿ.

ಕಲ್ಲಿನ ವಿಷಯ. ಕಲ್ಲಾದ ಕರ್ಬಿಗೆ ಹೊಡೆತ ಅಷ್ಟಾಗಿ ತಾಗುವುದಿಲ್ಲ ನಿಜ, ಆದರೆ ಕೈಯಿಂದ ಹಿಡಿಯಬಹುದು. ಈ ಆಟದ ಬುಡವೇ ಅದು: ಶೀಲ್ಡ್ ಹಿಡಿದರೆ ಹೊಡೆತ ನಿಲ್ಲುತ್ತದೆ, ಶೀಲ್ಡ್ ಹಿಡಿದವನನ್ನು ಎತ್ತಿ ಬಿಸಾಡಬಹುದು, ಹಿಡಿಯಲು ಬಂದವನಿಗೆ ಮೊದಲೇ ಹೊಡೆಯಬಹುದು. ಶೀಲ್ಡನ್ನು ಒತ್ತಿಯೇ ಇಟ್ಟರೆ ಸಣ್ಣದಾಗುತ್ತಾ ಬಂದು ಒಡೆಯುತ್ತದೆ, ಆಮೇಲೆ ತಲೆ ತಿರುಗಿ ನಿಲ್ಲುತ್ತೀರಿ. ಅದಕ್ಕಿಂತ ದೊಡ್ಡ ಮಾನಭಂಗ ಇನ್ನೊಂದಿಲ್ಲ.

ಇನ್ನೊಂದು, ಒಂದೇ ಏಟು ಪದೇಪದೇ ಹಾಕಿದರೆ ಅದರ ಜೋರು ಕಡಿಮೆಯಾಗುತ್ತದೆ. ತಾಗಿದ ಕೊನೆಯ 9 ಹೊಡೆತಗಳನ್ನು ಆಟ ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಕಲ್ಲು ಕೊನೆಕೊನೆಗೆ ಹತ್ತಿಯಾಗಿತ್ತು ಅನ್ನಿ.

ಹೊರಗೆ ಬಿದ್ದಾಗ ಗಾಬರಿಯಾಗಿ ಎಲ್ಲ ಗುಂಡಿ ಒತ್ತಬೇಡಿ. ಕರ್ಬಿ ಗಾಳಿಯಲ್ಲೇ ಐದು ಸಲ ಜಿಗಿಯುತ್ತದೆ. ಒಂದೊಂದಾಗಿ ಜಿಗಿದು ಬನ್ನಿ, ಕೊನೆಯಲ್ಲಿ ಮೇಲೆ ಮತ್ತು ಬಿ. ಅಂಚು ಕೈಗೆ ಸಿಗುತ್ತದೆ. ಹೆಗಲ ಮೇಲೆ ಹಾಕಿಕೊಂಡಾಗ ಕಂಟ್ರೋಲರಿನ ಕೋಲನ್ನು ಅತ್ತಿತ್ತ ಅಲ್ಲಾಡಿಸಿ, ಗುಂಡಿಗಳನ್ನು ಟಪಟಪ ಒತ್ತಿ. ಪರ್ಸೆಂಟ್ ಕಡಿಮೆ ಇದ್ದರೆ ಬೇಗ ಬಿಡಿಸಿಕೊಳ್ಳುತ್ತೀರಿ. ಹೊರಗೆ ಬಂದ ಡಾಂಕಿ ಕಾಂಗ್‌ಗೆ ವಾಪಸ್ ಹೋಗುವುದೇ ಪಾಡು. ತಿರುಗುತ್ತಾ ಅಡ್ಡಕ್ಕೆ ಹೋಗುತ್ತಾನೆ, ಮೇಲಕ್ಕೆ ಏರುವುದು ಕಡಿಮೆ. ಅವನು ಬರುವ ದಾರಿಯಲ್ಲಿ ಅಡ್ಡ ನಿಂತು ಒಂದು ಕೊಡಿ. ಲೋಕಲ್ ಬಾಗಿಲಲ್ಲಿ ನಿಂತವರು ನಿಮಗೆ ಮಾಡುವುದೂ ಅದೇ ಅಲ್ವಾ?

ಮಾಟುಂಗಾ_ಫಿಲ್ಟರ್‌ಕಾಫಿ:

ಇದೆಲ್ಲ ಮಕ್ಕಳಾಟ. ಬಾಂಬು ಬೀಳುತ್ತದೆ, ಸುತ್ತಿಗೆ ಬೀಳುತ್ತದೆ, ಯಾರು ಗೆದ್ದರು ಅಂತ ದೇವರಿಗೇ ಗೊತ್ತು. ಫೈಟಿಂಗ್ ಗೇಮ್ ಬೇಕಾದರೆ ಫೈಟಿಂಗ್ ಗೇಮ್ ಆಡಿ ಸರ್.

ಕೋಥ್ರೂಡ್_ಗೌಡ:

ಬಾಂಬು ಬೇಡ ಅಂದರೆ ಐಟಂ ಆಫ್ ಮಾಡುವ ಸೆಟ್ಟಿಂಗ್ ಇದೆ. ಒಬ್ಬೊಬ್ಬರಿಗೆ ಮೂರು ಪ್ರಾಣ, ಸಪಾಟು ಅಂಗಳ ಇಟ್ಟು ನನ್ನ ಜೊತೆ ಒಮ್ಮೆ ಆಡಿ ನೋಡಿ, ಯಾರು ಗೆದ್ದರು ಅಂತ ನಿಮಗೂ ಗೊತ್ತಾಗುತ್ತದೆ. ಫೈಟಿಂಗ್ ಗೇಮುಗಳ ದೊಡ್ಡ ಟೂರ್ನಿ ಈವೋ ಅಂತ ಇದೆ, 2019ರಲ್ಲಿ ಅಲ್ಲಿ ಕಟ್ಟಕಡೆಯ ಫೈನಲ್ ಇದೇ ಆಟದ್ದು. ಇದರ ಅಣ್ಣ ಮೆಲೀ, 2001ರದ್ದು, ಅದನ್ನು ಇವತ್ತಿಗೂ ಡಬ್ಬದಂಥ ಹಳೇ ಟಿವಿ ಹುಡುಕಿ ತಂದು ಆಡುವವರಿದ್ದಾರೆ.

ಮಡಗಾಂವ್_ಶೆಣೈ:

ಮಾಟುಂಗಾದವರಿಗೆ ಒಂದು ಮಾತು. ಇದನ್ನು ಮಾಡಿದ ಸಕುರಾಯಿ ಹಿಂದೊಮ್ಮೆ ಆರ್ಕೇಡಿನಲ್ಲಿ ಏನೂ ಬಾರದ ಗಂಡ-ಹೆಂಡತಿಯಂಥ ಜೋಡಿಯನ್ನು ಫೈಟಿಂಗ್ ಗೇಮಿನಲ್ಲಿ ಚಚ್ಚಿಹಾಕಿ, ಆಮೇಲೆ ಛೇ ಅನ್ನಿಸಿ, ಹೊಸಬರೂ ನಗುತ್ತಾ ಆಡುವಂಥದ್ದು ಬೇಕು ಅಂತ ಯೋಚಿಸಿದ್ದಂತೆ. ಹಾಗಾಗಿ ಉದ್ದುದ್ದ ಕಾಂಬೊ, ಅಂದರೆ ಸಾಲುಸಾಲು ಹೊಡೆತ, ಬಾಯಿಪಾಠ ಮಾಡುವ ಕೆಲಸವಿಲ್ಲ. ಒಂದು ದಿಕ್ಕು, ಒಂದು ಗುಂಡಿ. ಕರ್ಬಿಯನ್ನು ಹುಟ್ಟಿಸಿದವರೂ ಅವರೇ.

ಮಾಮ, ಅಭ್ಯಾಸಕ್ಕೆ ಸ್ವಿಚ್ ಕೊಳ್ಳಬೇಡಿ ಮಾರಾಯ್ರೆ. ಬ್ರಾಲ್‌ಹಲ್ಲಾ ಅಂತ ಇದೆ, ಫೋನಿನಲ್ಲೂ ಬರುತ್ತದೆ, ದುಡ್ಡಿಲ್ಲ. ಅಲ್ಲೂ ಹೊರಗೆ ತಳ್ಳುವುದೇ ಆಟ. ಜಿಗಿದು ವಾಪಸ್ ಬರುವ ರೂಢಿಯಾಗುತ್ತದೆ. ನಾನು ಕಾರವಾರದ ಟ್ರೇನಿನಲ್ಲಿ ಆಡುತ್ತೇನೆ. ಸುರಂಗ ಬಂದಾಗ ನೆಟ್‌ವರ್ಕ್ ಹೋಗಿ ಸೋಲುತ್ತೇನೆ.

ಅಂದ ಹಾಗೆ, ಸ್ಟ್ರೀಟ್ ಫೈಟರ್ ಆಡಿದವರು ನೀವು ಕರ್ಬಿ ಯಾಕೆ ಹಿಡಿದಿರಿ? ಅದರಲ್ಲಿ ರ್‍ಯೂ ಇದ್ದಾನಲ್ಲ! ಕೆನ್ ಕೂಡ. ನಿಮ್ಮ ಹಳೇ ಕೈಚಳಕ, ಕೆಳಗಿನಿಂದ ಮುಂದಕ್ಕೆ ತಿರುಗಿಸಿ ಗುಂಡಿ, ಅದೂ ನಡೆಯುತ್ತದೆ. ಸುಮ್ನೆ ಬಿ ಒತ್ತಿದ್ದಕ್ಕಿಂತ ಹಾಗೆ ಹಾಕಿದ ಹಡೂಕೆನ್‌ಗೆ, ಅಂಗೈಯಿಂದ ಹಾರಿಸುವ ಆ ಉಂಡೆಗೆ, ಜೋರು ಜಾಸ್ತಿ.

ಡೊಂಬಿವಲಿ_ಮಾಮ:

ಏನು?! ರ್‍ಯೂ ಇದ್ದಾನಾ? ಆ 80 ಮುಖಗಳ ಸಂತೆಯಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಡೊಂಬಿವಲಿ_ಮಾಮ (ದೀಪಾವಳಿ ಮುಗಿದ ಮೇಲೆ):

ವರದಿ ಕೊಡುವುದು ತಡವಾಯಿತು.

ರ್‍ಯೂ ಸಿಕ್ಕಿದ. ಆ ಅಡ್ಡ ಹಿಡಿಯುವ ಪುಟ್ಟ ಕಂಟ್ರೋಲರಿನಲ್ಲಿ ನನ್ನ ಹೆಬ್ಬೆರಳಿಗೆ ಅರ್ಧಚಂದ್ರ ಎಳೆಯಲು ಒಂದು ಗಂಟೆ ಹಿಡಿಯಿತು. ಮೊದಲ ಸಲ ಬಂದಾಗ ಎದ್ದು ನಿಂತುಬಿಟ್ಟೆ. ದೊಡ್ಡ ಅಳಿಯನನ್ನು ಅಂಚಿನ ಹೊರಗೆ ಕಾದು ತಳ್ಳಿದೆ, ಗೌಡರು ಹೇಳಿದ ಹಾಗೆ. ಎರಡು ಸಲ! "ಮಾಮ, ಯಾರು ಹೇಳಿಕೊಟ್ಟದ್ದು ನಿಮಗೆ?" ಅಂತ ಕೇಳಿದ. ನಾನು ಬಾಯಿ ಬಿಡಲಿಲ್ಲ.

ಕೊನೆಯ ಪಂದ್ಯಕ್ಕೆ ನನ್ನ ಮಗಳು ಕೂತಳು. ಒಂಬತ್ತು ವರ್ಷ, ಮೊದಲ ಸಲ. ಕರ್ಬಿ ತೆಗೆದುಕೊಂಡಳು. ನಾನು ಅಳಿಯನ ಮೇಲೆ ಕಣ್ಣಿಟ್ಟಿದ್ದೆ. ಅವಳು ಹಿಂದಿನಿಂದ ಬಂದು ನನ್ನನ್ನು ಗುಳುಂ ಅಂತ ನುಂಗಿದಳು. ಉಗುಳಿ ನೋಡಿದರೆ ಗುಲಾಬಿ ಉಂಡೆಯ ತಲೆಗೆ ನನ್ನದೇ ಕೆಂಪು ಪಟ್ಟಿ. ಆಮೇಲೆ ನನ್ನದೇ ಹಡೂಕೆನ್ ನನ್ನ ಮೇಲೆ. ಅವಳಿಗೆ ಅರ್ಧಚಂದ್ರವೂ ಬೇಕಾಗಲಿಲ್ಲ, ಬಿ ಒತ್ತುತ್ತಾ ಕೂತಳು. ನಾನು 140ರಲ್ಲಿದ್ದೆ.

ವಡಾಪಾವ್ ಎಂಟು ತಂದೆ. ಒಂದಕ್ಕೆ ಖಾರದ ಚಟ್ನಿ ಬೇಡ ಅಂತ ಅವಳೇ ಮೇಲಿನಿಂದ ಕೂಗಿ ಹೇಳಿದಳು.